ಬಯಲ ಹಬ್ಬವೂ ಬಿರುಮಳೆಯೂ

ಛಾವಣಿಯ ಕೆಳಗೆ ನಡೆಯುವ ಉತ್ಸವಕ್ಕೂ ಆಕಾಶದ ಕೆಳಗೆ ನಡೆಯುವ ಉತ್ಸವಕ್ಕೂ ಮುಖ್ಯವಾದ ಭೇದವೊಂದುಂಟು. ಮೊದಲನೆಯದಕ್ಕೆ ಯಜಮಾನನು ಒಬ್ಬನೇ, ಎರಡನೆಯದಕ್ಕೆ ಇಬ್ಬರು. ವೇದಿಕೆಯನ್ನು ಕಟ್ಟಿಸಿ, ದೀಪಗಳನ್ನು ತೂಗಿಸಿ, ಗಾಯಕರನ್ನು ಬರಮಾಡಿಕೊಂಡು, ನೆರೆದ ಜನಕ್ಕೆ ಅನ್ನಪಾನಗಳ ಏರ್ಪಾಡು ಮಾಡುವವನು ಒಬ್ಬ. ಮೇಘರಾಜನು ಮತ್ತೊಬ್ಬ. ಈ ಎರಡನೆಯವನು ಯಾವ ಸಮಿತಿಯಲ್ಲಿಯೂ ಕುಳಿತು ಸಮ್ಮತಿ ಕೊಟ್ಟವನಲ್ಲ. ಇಚ್ಛೆ ಬಂದಾಗ ಬರುತ್ತಾನೆ, ಬಂದನೆಂದರೆ ಸಕಲ ಸನ್ನಾಹವನ್ನೂ ತನ್ನ ವಶಕ್ಕೆ ತೆಗೆದುಕೊಳ್ಳುತ್ತಾನೆ. ಈ ಇಬ್ಬರು ಯಜಮಾನರು ಎದುರುಬದುರಾದಾಗ ಏನು ನಡೆಯಿತು, ಏನು ನಡೆಯಬೇಕಾಗಿತ್ತು ಎಂಬುದನ್ನು ಕಥೋಲಿಕ ಧರ್ಮಸಭೆಯ ಕೆಲವು ಮಹೋತ್ಸವಗಳ ವೃತ್ತಾಂತದಿಂದ ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಈ ಉತ್ಸವಗಳಲ್ಲಿ ಮುಖ್ಯವಾದುದನ್ನು ‘ವಿಶ್ವ ಯುವಜನ ದಿನ’ವೆಂದು ಕರೆಯುತ್ತಾರೆ. ಪೋಪ್ ಎರಡನೆಯ ಜಾನ್ ಪಾಲರು 1985ರ ಡಿಸೆಂಬರಿನಲ್ಲಿ ಇದನ್ನು ಘೋಷಿಸಿದರು. ರೋಮಿನ ಹೊರಗೆ ಮೊದಲನೆಯ ಮಹಾಸಮ್ಮೇಲನವು 1987ರಲ್ಲಿ ಅರ್ಜೆಂಟೀನದ ಬ್ಯೂನಸ್ ಐರಿಸ್ ನಗರದಲ್ಲಿ ನೆರೆಯಿತು. ಹೆಸರು ‘ದಿನ’ವೆಂದಿದ್ದರೂ ಸಾಮಾನ್ಯವಾಗಿ ಅದು ಒಂದು ವಾರದ ಸಂಭ್ರಮ. ಎರಡು ಮೂರು ವರ್ಷಗಳಿಗೊಮ್ಮೆ ಯಾವುದಾದರೊಂದು ದೇಶದ ನಗರವು ಆತಿಥ್ಯವನ್ನು ವಹಿಸಿಕೊಳ್ಳುತ್ತದೆ; ನಾನಾ ದೇಶಗಳ ತರುಣ ತರುಣಿಯರು ತಮ್ಮ ತಮ್ಮ ಧ್ವಜಗಳನ್ನೂ ವಾದ್ಯಗಳನ್ನೂ ಹಿಡಿದು ಅಲ್ಲಿಗೆ ಬರುತ್ತಾರೆ. ಬೀದಿ ಬೀದಿಗಳಲ್ಲಿ ವೇದಿಕೆಗಳೇಳುತ್ತವೆ, ಗಾಯನ ನರ್ತನಗಳು ನಡೆಯುತ್ತವೆ. ಪ್ರತಿಯೊಂದು ಉತ್ಸವಕ್ಕೂ ಹೊಸದಾಗಿ ಗೀತೆಯೊಂದನ್ನು ರಚಿಸಿ ರಾಗ ಸಂಯೋಜಿಸುವ ಪದ್ಧತಿಯೂ ಇದೆ. ವಾರಾಂತ್ಯದ ಎರಡು ದಿನಗಳೇ ಇದರ ಶಿಖರ. ಶನಿವಾರ ಯಾತ್ರಿಕರೆಲ್ಲರೂ ವಿಶಾಲವಾದ ಬಯಲೊಂದಕ್ಕೆ ಬಂದು ಸೇರಿ, ಪೋಪರ ಸಮ್ಮುಖದಲ್ಲಿ ಗಾನ ಪ್ರಾರ್ಥನೆಗಳಿಂದ ಜಾಗರಣೆ ಮಾಡಿ, ಅಲ್ಲಿಯೇ ನೆಲದ ಮೇಲೆ ಮಲಗಿ, ಭಾನುವಾರ ಬೆಳಗ್ಗೆ ಬಲಿಪೂಜೆಯಲ್ಲಿ ಭಾಗವಹಿಸಿ ಚೆದುರುತ್ತಾರೆ. ಶಿವರಾತ್ರಿಯ ಜಾಗರಣೆ, ದೊಡ್ಡ ಜಾತ್ರೆ, ಸಂಗೀತೋತ್ಸವ ಈ ಮೂರನ್ನೂ ಒಂದೆಡೆ ಕೂಡಿಸಿ ಭಾವಿಸಿಕೊಂಡರೆ ಅದರ ಸ್ವರೂಪವು ನಮಗೆ ಗೋಚರವಾದೀತು.

ಇಷ್ಟು ಜನರನ್ನು ಒಳಗೊಳ್ಳುವ ಮಂದಿರವು ಭೂಮಿಯ ಮೇಲೆ ಎಲ್ಲಿಯೂ ಇಲ್ಲ. 1995ರಲ್ಲಿ ಮನಿಲಾ ನಗರದಲ್ಲಿ ನೆರೆದವರ ಸಂಖ್ಯೆಯನ್ನು 40 ಲಕ್ಷಕ್ಕೂ ಹೆಚ್ಚೆಂದು ಅಂದಾಜು ಮಾಡಿದ್ದರು. ಆದುದರಿಂದ ಬಯಲೇ ಗತಿ. ಇನ್ನು ಕಾಲವನ್ನು ಕುರಿತು ಹೇಳುವುದಾದರೆ, ನಮ್ಮ ಪೂರ್ವಿಕರು ಮಳೆಗಾಲದಲ್ಲಿ ಸಂನ್ಯಾಸಿಗಳಿಗೂ ಸಂಚಾರ ಬೇಡವೆಂದು ಚಾತುರ್ಮಾಸ್ಯವನ್ನು ವಿಧಿಸಿದರು. ನಮ್ಮ ರಥೋತ್ಸವಗಳಲ್ಲಿ ಬಹುಪಾಲು ಮಳೆ ಹಿಂದೆ ಸರಿದ ಮೇಲೆಯೇ ನಡೆಯುತ್ತವೆ. ಆದರೆ ಈ ಯುವಜನೋತ್ಸವಕ್ಕೆ ಪಂಚಾಂಗಕ್ಕಿಂತ ಪಾಠಶಾಲೆಯ ರಜೆಯೇ ಪ್ರಧಾನ. ಯೂರೋಪಿನ ಮಕ್ಕಳಿಗೆ ರಜೆ ದೊರೆಯುವುದು ಜುಲೈ ಆಗಸ್ಟ್ ತಿಂಗಳುಗಳಲ್ಲಿ. ಆಗ ಹಗಲಿನ ಬಿಸಿಲಿನಿಂದ ನೆಲವು ಕಾದು, ಅದರ ಮೇಲಿನ ಬಿಸಿಗಾಳಿಯು ಎತ್ತರಕ್ಕೇರಿ ಮುಗಿಲಾಗಿ, ಸಂಜೆಯ ಹೊತ್ತಿಗೆ ಗುಡುಗು ಮಳೆಯಾಗಿ ಇಳಿಯುವುದುಂಟು. ಅಂತಹ ಮಳೆಗೆ ಮುಂಚೆ ಮೋಡದೊಳಗಿನ ತಣ್ಣನೆಯ ಗಾಳಿಯು ರಭಸದಿಂದ ಕೆಳಗಿಳಿದು ನೆಲದುದ್ದಕ್ಕೂ ಹಬ್ಬುತ್ತದೆ. ಮೊದಲನೆಯ ಹನಿ ಬೀಳುವುದಕ್ಕಿಂತ ಮುಂಚೆಯೇ ಡೇರೆ ಹಾರಿಹೋಗುವುದು ಈ ಕಾರಣದಿಂದ.

2011ನೆಯ ಆಗಸ್ಟ್ 20ರಂದು, ಶನಿವಾರ, ಸ್ಪೇನ್ ದೇಶದ ಮ್ಯಾಡ್ರಿಡ್ ನಗರದಲ್ಲಿ ನಡೆದುದು ಇದೇ. ಜಾಗರಣೆಗೆ ಗೊತ್ತುಮಾಡಿದ್ದ ಸ್ಥಳವು ಒಂದು ವಿಮಾನನಿಲ್ದಾಣದ ಬಯಲು. ಅದರ ಹೆಸರು ಕ್ವಾತ್ರೊ ವಿಯೆಂತೊಸ್. ಆ ನುಡಿಗೆ ‘ನಾಲ್ಕು ಗಾಳಿಗಳು’ ಎಂದರ್ಥ. ಹಗಲೆಲ್ಲ ಬಿಸಿಲಿನ ತಾಪವು ಎಷ್ಟಿತ್ತೆಂದರೆ ಅಗ್ನಿಶಾಮಕ ದಳದವರು ಜನರ ಮೇಲೆ ನೀರನ್ನು ಚಿಮುಕಿಸುತ್ತಿದ್ದರು. ನೆರೆದವರು ಹತ್ತು ಲಕ್ಷಕ್ಕೂ ಮಿಗಿಲು. ಕತ್ತಲಾಗುತ್ತಿದ್ದಂತೆ ಪೋಪ್ ಹದಿನಾರನೆಯ ಬೆನೆಡಿಕ್ಟರು ಪ್ರವಚನವನ್ನು ಆರಂಭಿಸಿದರು. ಅವರ ವಯಸ್ಸು ಆಗ 84. ಅಷ್ಟರಲ್ಲಿ ಮಿಂಚು, ಗಾಳಿ, ಮಳೆ ಮೂರೂ ಒಟ್ಟಿಗೆ ಬಂದವು. ಅವರ ನೆತ್ತಿಯ ಮೇಲಿದ್ದ ಬಿಳಿಯ ಕುಲಾವಿಯು ಹಾರಿಹೋಯಿತು. ಸುತ್ತಲಿದ್ದವರು ಕೊಡೆಗಳನ್ನು ಹಿಡಿದರು. ಬಯಲಿನಲ್ಲಿ ಕೆಲವು ಡೇರೆಗಳು ಕುಸಿದು ಕೆಲವರಿಗೆ ಗಾಯಗಳಾದವು. ಪ್ರವಚನವು ನಿಂತಿತು. ವೃದ್ಧರು ವೇದಿಕೆಯನ್ನು ಬಿಟ್ಟು ಏಳಲಿಲ್ಲ. ಕೆಳಗೆ ತೋಯುತ್ತಿದ್ದ ತರುಣರು ಹಾಡುತ್ತ ಘೋಷಿಸುತ್ತ ತಮ್ಮ ತಾಣಗಳಲ್ಲಿಯೇ ನಿಂತರು.

ಮಳೆಯ ರಭಸ ಇಳಿದ ಮೇಲೆ ಬೆನೆಡಿಕ್ಟರು, ಈ ಮಳೆಯೊಡನೆ ದೇವರು ಅನೇಕ ಅನುಗ್ರಹಗಳನ್ನು ಕಳುಹಿಸಿದ್ದಾನೆಂಬ ಅರ್ಥದ ಮಾತನ್ನಾಡಿ, ಸಿದ್ಧಪಡಿಸಿಕೊಂಡು ಬಂದಿದ್ದ ಪ್ರವಚನದ ಬಹುಭಾಗವನ್ನು ಓದದೆಯೇ ಮುಂದಿನ ಆರಾಧನೆಗೆ ನಡೆದರು. 16ನೆಯ ಶತಮಾನದಲ್ಲಿ ಎನ್ರಿಕೆ ದೆ ಆರ್ಫೆ ಎಂಬ ಅಕ್ಕಸಾಲಿಗನು ನಿರ್ಮಿಸಿದ, ತೊಲೆದೊ ನಗರದ ಪ್ರಧಾನಾಲಯಕ್ಕೆ ಸೇರಿದ ಮಹಾಪಾತ್ರೆಯೊಂದನ್ನು ಆ ದಿನಕ್ಕೆಂದೇ ತರಿಸಲಾಗಿತ್ತು. ಪರಮಪ್ರಸಾದವನ್ನು ಆ ಪಾತ್ರೆಯಲ್ಲಿ ಇರಿಸಿ ಜನರ ಮುಂದೆ ಎತ್ತಿದಾಗ, ಒಂದು ಗಳಿಗೆಯ ಹಿಂದೆ ಕೋಲಾಹಲ ಮಾಡುತ್ತಿದ್ದ ಆ ಜನಸಾಗರವು ಕೆಸರಿನಲ್ಲಿಯೇ ಮಂಡಿಯೂರಿ ಮೌನವಾಯಿತು. ಅಲ್ಲಿದ್ದವರು ಇಂದಿಗೂ ನೆನೆಯುವುದು ಆ ಮೌನವನ್ನು. ಆದರೆ ಮಳೆಯು ತನ್ನ ಬೆಲೆಯನ್ನು ತೆಗೆದುಕೊಳ್ಳದೆ ಹೋಗಲಿಲ್ಲ. ಪರಮಪ್ರಸಾದದ ವಿತರಣೆಗೆಂದು ಏರ್ಪಡಿಸಿದ್ದ ಡೇರೆಗಳು ಹಾನಿಗೊಂಡುದರಿಂದ, ಮರುದಿನ ಬೆಳಗ್ಗೆ ಬಲಿಪೂಜೆಯಲ್ಲಿ ಬಹುಮಂದಿಗೆ ಪ್ರಸಾದವು ದೊರೆಯಲಿಲ್ಲ. ಯಾವುದಕ್ಕಾಗಿ ಅಷ್ಟು ದೂರ ಬಂದು ರಾತ್ರಿಯೆಲ್ಲ ನೆನೆದರೋ ಅದೇ ಕೈತಪ್ಪಿತೆಂಬ ವ್ಯಥೆಯನ್ನು ಭಕ್ತಿಯುಳ್ಳ ಯಾರಾದರೂ ಊಹಿಸಬಲ್ಲರು.

ಇಷ್ಟನ್ನು ಮಾತ್ರ ಓದಿದವರಿಗೆ, ಬಿರುಗಾಳಿಯಲ್ಲಿ ಕದಲದೆ ನಿಲ್ಲುವುದೇ ಭಕ್ತಿಯ ಲಕ್ಷಣವೆಂದು ತೋರಬಹುದು. ಹಾಗೆ ತೀರ್ಮಾನಿಸುವ ಮೊದಲು ಅದೇ ತಿಂಗಳಿನ ಬೇರೆ ಎರಡು ಸಂಗತಿಗಳನ್ನು ನೋಡಬೇಕು. ಮ್ಯಾಡ್ರಿಡ್ಡಿನ ಆ ರಾತ್ರಿಗೆ ಒಂದು ವಾರ ಮುಂಚೆ, ಆಗಸ್ಟ್ 13ರಂದು, ಅಮೆರಿಕದ ಇಂಡಿಯಾನ ರಾಜ್ಯದ ಜಾತ್ರೆಯಲ್ಲಿ ಸಂಗೀತ ಕಚೇರಿಯು ಆರಂಭವಾಗುವ ಮುನ್ನ ಬಿರುಗಾಳಿಗೆ ವೇದಿಕೆಯ ಮೇಲ್ಚಾವಣಿಯು ಜನರ ಮೇಲೆ ಕುಸಿದು 7 ಮಂದಿ ಮೃತರಾದರು. ಕಟ್ಟಡದ ದೌರ್ಬಲ್ಯವೂ ಆಪತ್ಕಾಲದ ಸಿದ್ಧತೆಯ ಕೊರತೆಯೂ ಅನಂತರದ ತನಿಖೆಯಲ್ಲಿ ಬಯಲಾದವು. ಆಗಸ್ಟ್ 18ರಂದು, ಎಂದರೆ ಎರಡೇ ದಿನ ಮುಂಚೆ, ಬೆಲ್ಜಿಯಂ ದೇಶದ ಹಾಸೆಲ್ಟ್ ನಗರದ ಬಳಿ ಪುಕೆಲ್‌ಪಾಪ್ ಎಂಬ ಸಂಗೀತೋತ್ಸವದ ಮೇಲೆ ಬಿರುಗಾಳಿಯೆರಗಿ 5 ಮಂದಿ ಅಸುನೀಗಿದರು. ಇವು ಧಾರ್ಮಿಕ ಉತ್ಸವಗಳಲ್ಲ, ದಿಟ. ಆದರೆ ಗಾಳಿಗೆ ಆ ಭೇದವು ತಿಳಿಯದು. ಕ್ವಾತ್ರೊ ವಿಯೆಂತೊಸ್ ಬಯಲಿನಲ್ಲಿ ಅಂತಹ ಅನಾಹುತವಾಗದೆ ಉಳಿದುದನ್ನು ದೈವಕೃಪೆಯೆಂದು ಭಕ್ತರು ಹೇಳಿಕೊಳ್ಳಲಿ. ಮುಂದಿನ ಉತ್ಸವವನ್ನು ಏರ್ಪಡಿಸುವವರು ಮಾತ್ರ ಅದನ್ನು ತಮ್ಮ ಸಿದ್ಧತೆಯ ಲೆಕ್ಕಕ್ಕೆ ಬರೆದುಕೊಳ್ಳಬಾರದು.

ಎರಡು ವರ್ಷಗಳ ತರುವಾಯ, 2013ರ ಜುಲೈ ತಿಂಗಳಿನಲ್ಲಿ, ಉತ್ಸವವು ಬ್ರೆಜಿಲ್ ದೇಶದ ರಿಯೊ ದಿ ಜನೈರೊ ನಗರದಲ್ಲಿ ನಡೆಯಿತು. ಭೂಮಧ್ಯರೇಖೆಯ ದಕ್ಷಿಣಕ್ಕೆ ಅದು ಚಳಿಗಾಲ. ಆ ನಗರದಲ್ಲಿ ಮಳೆ ಕಡಿಮೆಯಾದ ಋತು. ನಗರದ ಮಧ್ಯದಿಂದ ಬಹುದೂರ ಪಶ್ಚಿಮಕ್ಕೆ ಗ್ವಾರಾತಿಬ ಎಂಬಲ್ಲಿ, ತಗ್ಗಿನ ನೆಲದಲ್ಲಿ, ‘ವಿಶ್ವಾಸದ ಬಯಲು’ ಎಂದರ್ಥವುಳ್ಳ ಲ್ಯಾಟಿನ್ ಹೆಸರಿಟ್ಟು ದೊಡ್ಡ ಮೈದಾನವನ್ನು ಸಜ್ಜುಗೊಳಿಸಿ ಭವ್ಯವಾದ ವೇದಿಕೆಯನ್ನು ಕಟ್ಟಿದ್ದರು. ಋತುಧರ್ಮವನ್ನು ಮೀರಿ ದಿನಗಟ್ಟಲೆ ಮಳೆ ಸುರಿಯಿತು. ಮೈದಾನವು ಕೆಸರಿನ ಮಡುವಾಯಿತು. ಲಕ್ಷೋಪಲಕ್ಷ ತರುಣರು ರಾತ್ರಿ ಮಲಗಬೇಕಾದ ನೆಲವದು. ಜುಲೈ 25ರ ಗುರುವಾರ, ಜಾಗರಣೆಗೆ ಎರಡೇ ದಿನಗಳಿರುವಾಗ, ವ್ಯವಸ್ಥಾಪಕರು ಆ ಸ್ಥಳವನ್ನು ತ್ಯಜಿಸಿ ಕೋಪಕಬಾನ ಕಡಲತೀರದಲ್ಲಿ ಜಾಗರಣೆ ನಡೆಯುವುದೆಂದು ಸಾರಿದರು.

ಈ ನಿರ್ಧಾರವು ಸಾಧ್ಯವಾದುದು ಹೇಗೆಂಬುದನ್ನು ಗಮನಿಸಬೇಕು. ಪೋಪರ ಸ್ವಾಗತಕ್ಕೂ ಶುಕ್ರವಾರದ ಶಿಲುಬೆಯ ಹಾದಿಯ ಪ್ರಾರ್ಥನೆಗೂ ಆ ಕಡಲತೀರದಲ್ಲಿ ಮೊದಲೇ ಒಂದು ವೇದಿಕೆ ಸಿದ್ಧವಿತ್ತು. ಮರಳು ನೀರನ್ನು ಬೇಗ ಹೀರುತ್ತದೆ. ಜೇಡಿ ನೆಲದಂತೆ ಕಾಲನ್ನು ಹಿಡಿದುಕೊಳ್ಳುವುದಿಲ್ಲ. ಹೀಗೆ ಎರಡನೆಯ ಮನೆಯೊಂದು ಇದ್ದುದರಿಂದ ಮೊದಲನೆಯ ಮನೆಯನ್ನು ಬಿಡುವ ಧೈರ್ಯ ಬಂದಿತು. ಶನಿವಾರ ರಾತ್ರಿ ಆ ತೀರದಲ್ಲಿ ಸೇರಿದವರನ್ನು ಅಧಿಕಾರಿಗಳು 30 ಲಕ್ಷಕ್ಕೂ ಹೆಚ್ಚೆಂದು ಅಂದಾಜು ಮಾಡಿದರು. ಆರಾಧನೆಯ ಸಮಯದಲ್ಲಿ ಮ್ಯಾಟ್ ಮಾಹರ್ ಎಂಬ ಕಥೋಲಿಕ ಗಾಯಕರು, ಪ್ರಭುವೇ ನೀನೇ ನನಗೆ ಬೇಕಾದವನೆಂಬ ಭಾವದ ತಮ್ಮ ಗೀತೆಯನ್ನು ಹಾಡಿದರು. ಭಾನುವಾರ ಬೆಳಗ್ಗೆ ಗಂಭೀರರಾದ ಧರ್ಮಾಧ್ಯಕ್ಷರೂ ತರುಣರೊಡನೆ ಹಾಡಿಗೆ ಕೈಯಾಡಿಸಿ ಹೆಜ್ಜೆ ಹಾಕಿದರು. ಪೋಪ್ ಫ್ರಾನ್ಸಿಸರು ಜಾಗರಣೆಯ ಪ್ರವಚನದಲ್ಲಿ ಮುಳುಗಿಹೋದ ಮೈದಾನದ ಹೆಸರನ್ನೇ ಎತ್ತಿಕೊಂಡು, ವಿಶ್ವಾಸದ ನಿಜವಾದ ಬಯಲು ಯಾವುದೋ ಒಂದು ಸ್ಥಳವಾಗಿರದೆ ನಾವೇ ಆಗಿರಬಹುದಲ್ಲವೆ ಎಂದು ಕೇಳಿದರು.

ಮಾತು ಸುಂದರವಾದುದು. ಆದರೂ ಗ್ವಾರಾತಿಬದ ಸಣ್ಣ ವ್ಯಾಪಾರಿಗಳನ್ನು ಮರೆಯುವಂತಿಲ್ಲ. ಯಾತ್ರಿಕರು ಬರುವರೆಂದು ನಂಬಿ ಕೈಯಲ್ಲಿದ್ದ ಹಣವನ್ನೆಲ್ಲ ಸುರಿದು ತಿಂಡಿ ಪಾನೀಯಗಳನ್ನು ತುಂಬಿಸಿಟ್ಟಿದ್ದವರು ನಷ್ಟಕ್ಕೆ ಗುರಿಯಾದರು. ಉತ್ಸವವು ಸ್ಥಳಾಂತರ ಹೊಂದಬಲ್ಲದು. ಬಡವನ ಅಂಗಡಿಯು ಹೊಂದಲಾರದು. ತಗ್ಗಿನ ನೆಲವನ್ನು ಆರಿಸಿದವರ ಲೆಕ್ಕದಲ್ಲಿ ಈ ನಷ್ಟವೂ ಸೇರಬೇಕು.

ಮೂರನೆಯ ವೃತ್ತಾಂತವು ಫಿಲಿಪ್ಪೀನ್ಸ್ ದೇಶದ್ದು. ಇದು ಯುವಜನೋತ್ಸವವಲ್ಲ, ಪೋಪ್ ಫ್ರಾನ್ಸಿಸರ ಸಾಂತ್ವನಯಾತ್ರೆ. 2013ರ ನವೆಂಬರ್ 8ರಂದು ಬೀಸಿದ ಮಹಾಚಂಡಮಾರುತದಿಂದ ತಕ್ಲೋಬಾನ್ ನಗರವೂ ಸುತ್ತಲ ಸೀಮೆಯೂ ಹಾಳಾಗಿ, ಆ ದೇಶದಲ್ಲಿ 6 ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಬದುಕುಳಿದವರನ್ನು ಕಾಣಬೇಕೆಂದು ಪೋಪರು 2015ರ ಜನವರಿ 17ರ ಶನಿವಾರ ಅಲ್ಲಿಗೆ ಹೋದರು. ಅದೇ ದಿನ ಮತ್ತೊಂದು ಬಿರುಗಾಳಿಯು ಸಮೀಪಿಸುತ್ತಿತ್ತು. ವಿಮಾನನಿಲ್ದಾಣದ ಬಳಿಯ ಬಯಲಿನಲ್ಲಿ, ಜನರೆಲ್ಲರೂ ತೊಟ್ಟಿದ್ದಂತಹ ಹಳದಿಯ ಮಳೆಯಂಗಿಯನ್ನೇ ತೊಟ್ಟು, ಅವರು ಬಲಿಪೂಜೆಯನ್ನು ಅರ್ಪಿಸಿದರು. ಬರೆದು ತಂದ ಪ್ರವಚನವನ್ನು ಬದಿಗಿಟ್ಟು ತಮ್ಮ ಮಾತೃಭಾಷೆಯಾದ ಸ್ಪ್ಯಾನಿಷ್ ಭಾಷೆಯಲ್ಲಿ ಹೃದಯದಿಂದ ಮಾತನಾಡಿದರು. ಹವಾಮಾನವು ಇನ್ನೂ ಕೆಡುವುದೆಂದು ವಿಮಾನಚಾಲಕರು ತಿಳಿಸಿದಾಗ, ಜನರೆದುರಿಗೆ ತಮ್ಮ ದುಃಖವನ್ನು ಹೇಳಿಕೊಂಡು, ಗೊತ್ತಾಗಿದ್ದ ವೇಳೆಗೆ ಸುಮಾರು 4 ಗಂಟೆ ಮುಂಚೆಯೇ ಹಿಂದಿರುಗಿದರು. ಆ ಜನ ಒಂದು ವರ್ಷದಿಂದ ಕಾದಿದ್ದವರು. ಅವರನ್ನು ಅರ್ಧದಲ್ಲಿ ಬಿಟ್ಟು ಹೊರಡುವುದು ಸುಲಭವಾಗಿರಲಾರದು.

ಆ ದಿನವೂ ಒಂದು ಪ್ರಾಣ ಹೋಯಿತು. ಪೂಜೆ ಮುಗಿದ ಬಳಿಕ, ಧ್ವನಿವರ್ಧಕವನ್ನು ಹೊತ್ತಿದ್ದ ಲೋಹದ ಅಟ್ಟಣಿಗೆಯೊಂದು ಗಾಳಿಗೆ ಉರುಳಿ, ಸೇವೆಗೆಂದು ಬಂದಿದ್ದ ತರುಣಿಯೊಬ್ಬಳು ಅದರ ಕೆಳಗೆ ಸಿಕ್ಕಿ ಮೃತಳಾದಳು. ಮರುದಿನ ಮನಿಲಾ ನಗರದ ಸಾಂತೊ ತೊಮಾಸ್ ವಿಶ್ವವಿದ್ಯಾನಿಲಯದಲ್ಲಿ ಯುವಜನರ ಸಭೆ. ಪೋಪರು ಹರ್ಷದ ಮಾತುಗಳಿಗೆ ಮೊದಲು ಆಕೆಗಾಗಿ ಮೌನವಾಗಿ ಪ್ರಾರ್ಥಿಸುವಂತೆ ಎಲ್ಲರನ್ನೂ ಕೇಳಿಕೊಂಡರು. ಆಕೆಯ ತಂದೆಯನ್ನು ತಾವೇ ಕಂಡು ಸಂತೈಸಿದರು.

ಮ್ಯಾಡ್ರಿಡ್ಡಿನಲ್ಲಿ ನಿಂತರು, ರಿಯೊದಲ್ಲಿ ಸರಿದರು, ತಕ್ಲೋಬಾನಿನಲ್ಲಿ ಹಿಂದಿರುಗಿದರು. ಈ ಮೂರರಲ್ಲಿ ಯಾವುದು ಶ್ರೇಷ್ಠವೆಂಬ ಪ್ರಶ್ನೆಗೆ ಒಂದೇ ಉತ್ತರವನ್ನು ಹೇಳಲಾಗದು. ದೇಶಕಾಲಗಳನ್ನು ತಿಳಿದು ಮಾಡುವುದೇ ಧರ್ಮವೆಂದು ನಮ್ಮ ಶಾಸ್ತ್ರಕಾರರು ಮತ್ತೆ ಮತ್ತೆ ಹೇಳುವುದು ಇಂತಹ ಸಂದರ್ಭಗಳಿಗಾಗಿಯೇ. ಆದರೆ ದೇಶಕಾಲಗಳನ್ನು ತಿಳಿಯಲು ಕೆಲವು ಲೆಕ್ಕಗಳು ಬೇಕು. ಅವು ಕಷ್ಟವಾದವಲ್ಲ. ಗಾಳಿಯ ವೇಗವು ಎರಡರಷ್ಟಾದರೆ ಅದರ ತಳ್ಳುವ ಬಲವು ನಾಲ್ಕರಷ್ಟಾಗುತ್ತದೆ. ಆದುದರಿಂದ ಸಾಧಾರಣ ಗಾಳಿಗೆ ಅಲ್ಲಾಡದ ಅಟ್ಟಣಿಗೆಯು ಬಿರುಗಾಳಿಗೂ ನಿಲ್ಲುವುದೆಂದು ನೆಚ್ಚುವಂತಿಲ್ಲ. ಬಟ್ಟೆಯ ಫಲಕಗಳನ್ನು ಕಟ್ಟಿದ ಅಟ್ಟಣಿಗೆಯಂತೂ ಹಾಯಿಯಂತೆ ಗಾಳಿಯನ್ನು ಹಿಡಿಯುತ್ತದೆ. ಸಿಡಿಲಿಗೂ ಒಂದು ಗಣಿತವುಂಟು. ಶಬ್ದವು ಒಂದು ಕಿಲೋಮೀಟರು ಸಾಗಲು ಸುಮಾರು 3 ಸೆಕೆಂಡುಗಳು ಬೇಕು. ಮಿಂಚು ಕಂಡ 30 ಸೆಕೆಂಡುಗಳೊಳಗೆ ಗುಡುಗು ಕೇಳಿಸಿದರೆ ಸಿಡಿಲಿನ ಮೋಡವು 10 ಕಿಲೋಮೀಟರಿಗಿಂತ ಸಮೀಪದಲ್ಲಿದೆ ಎಂದರ್ಥ. ಕೂಡಲೇ ಭದ್ರವಾದ ಕಟ್ಟಡವನ್ನೋ ಮುಚ್ಚಿದ ವಾಹನವನ್ನೋ ಸೇರಬೇಕು. ಕೊನೆಯ ಗುಡುಗು ಕೇಳಿಸಿ 30 ನಿಮಿಷಗಳಾಗುವವರೆಗೆ ಹೊರಗೆ ಬರಬಾರದು. ಡೇರೆಯೂ ಮರದ ನೆರಳೂ ಸಿಡಿಲಿಗೆ ಆಶ್ರಯವಲ್ಲ.

ಇನ್ನು ಹಾಡಿನ ಮಾತು. ಮೂವತ್ತೈದು ವರ್ಷ ಪಾಠಶಾಲೆಯ ಅಂಗಳದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿದವನಿಗೆ ಒಂದು ವಿಷಯವು ಚೆನ್ನಾಗಿ ತಿಳಿದಿರುತ್ತದೆ: ಮಳೆ ಬಂದಾಗ ಓಡಬೇಡಿರೆಂದು ಕೂಗಿದರೆ ಮಕ್ಕಳು ಓಡುತ್ತಾರೆ, ಪರಿಚಿತವಾದ ಹಾಡೊಂದನ್ನು ಎತ್ತಿಕೊಟ್ಟರೆ ಹಾಡುತ್ತ ಸಾಲಾಗಿ ನಡೆಯುತ್ತಾರೆ. ಒಂದೇ ತಾಳಕ್ಕೆ ಉಸಿರಾಡುವವರ ಭಯವೂ ಹಂಚಿಹೋಗುತ್ತದೆ. ಮ್ಯಾಡ್ರಿಡ್ಡಿನ ಕತ್ತಲೆಯಲ್ಲಿ ಲಕ್ಷಾಂತರ ಜನ ಒಬ್ಬರನ್ನೊಬ್ಬರು ತುಳಿಯದೆ ಉಳಿದುದಕ್ಕೆ ಅವರ ಕಂಠವೂ ಒಂದು ಕಾರಣವಾಗಿತ್ತೆಂದು ನನ್ನ ಭಾವನೆ. ಹಾಡಿಗಿರುವ ಶಕ್ತಿಯು ಇಂತಹುದು: ಅದು ಜನರನ್ನು ಹಿಡಿದು ನಿಲ್ಲಿಸುತ್ತದೆ. ಅಪಾಯವೂ ಅಲ್ಲಿಯೇ ಇದೆ. ನಿಲ್ಲಬಾರದ ಕಡೆಯಲ್ಲಿಯೂ ಅದು ಅಷ್ಟೇ ಸುಲಭವಾಗಿ ನಿಲ್ಲಿಸೀತು. ಆದುದರಿಂದ ಹಾಡಿಸುವವರ ಬಳಿಯಲ್ಲಿ ಆಕಾಶವನ್ನು ಓದಬಲ್ಲ ಒಬ್ಬರು ಇರಬೇಕು. ಅವರು ಕೈಯೆತ್ತಿದ ಕ್ಷಣದಲ್ಲಿ ಎಂತಹ ಗಾಯಕನಾದರೂ ಪಲ್ಲವಿಯನ್ನು ಅರ್ಧಕ್ಕೆ ನಿಲ್ಲಿಸಿ, ಹೊರಡುವ ದಾರಿಯನ್ನು ಜನರಿಗೆ ಹೇಳಬೇಕು. ವೇದಿಕೆಯ ಮೇಲಿನ ಕಂಠಕ್ಕೆ ಆ ಹೊತ್ತಿನಲ್ಲಿ ಇರುವಷ್ಟು ಮನ್ನಣೆ ಬೇರೆ ಯಾರ ಮಾತಿಗೂ ಇರದು.

ಈ ವಿಚಾರವು ಕೇವಲ ಗತಚರಿತ್ರೆಯಲ್ಲ. ಮುಂದಿನ ವಿಶ್ವ ಯುವಜನ ದಿನವನ್ನು ದಕ್ಷಿಣ ಕೊರಿಯ ದೇಶದ ಸೋಲ್ ನಗರಕ್ಕೆ, 2027ರ ಆಗಸ್ಟ್ 3ರಿಂದ 8ರವರೆಗೆ ನಿಗದಿ ಮಾಡಿದ್ದಾರೆ. ಅದೇ ದೇಶದಲ್ಲಿ, ಅದೇ ಆಗಸ್ಟ್ ತಿಂಗಳಿನಲ್ಲಿ, 2023ರಲ್ಲಿ ಜಗತ್ತಿನ ಬಾಲಚರರ ಮಹಾಶಿಬಿರವು ಸೆಮಾಂಗುಂ ಎಂಬಲ್ಲಿ ಸಮುದ್ರದಿಂದ ಗಳಿಸಿದ ನೆಲದ ಮೇಲೆ ನಡೆಯಿತು. ಸುಮಾರು 43 ಸಾವಿರ ಮಂದಿ ಬಂದಿದ್ದರು. ಮೊದಲು ಬಿಸಿಲಿನ ತಾಪದಿಂದ ನೂರಾರು ಮಕ್ಕಳು ಅಸ್ವಸ್ಥರಾದರು. ಅನಂತರ ಚಂಡಮಾರುತದ ಸೂಚನೆ ಬಂದು ಆಗಸ್ಟ್ 8ರಂದು ಶಿಬಿರವನ್ನೇ ತೆರವು ಮಾಡಿ ಎಲ್ಲರನ್ನೂ ಬೇರೆಡೆಗೆ ಸಾಗಿಸಬೇಕಾಯಿತು. ಕೊನೆಯ ಸಂಗೀತ ಸಮಾರಂಭವು ಆಗಸ್ಟ್ 11ರಂದು ಸೋಲ್ ನಗರದ ಕ್ರೀಡಾಂಗಣದಲ್ಲಿ ಜರುಗಿತು. ಆತಿಥೇಯರಿಗೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಾಗಿಲ್ಲ.

ಸೋಲ್ ನಗರಕ್ಕೆ ನಮ್ಮ ಓದುಗರ ಮನೆಗಳಿಂದಲೂ ಯಾರಾದರೂ ಹೊರಡಬಹುದು. ಹೊರಡದಿದ್ದರೂ, ಯಾವ ಮತದ್ದೇ ಆಗಲಿ, ಬಯಲ ಉತ್ಸವಗಳಿಗೆ ನಮ್ಮ ಮಕ್ಕಳು ಹೋಗುತ್ತಲೇ ಇರುತ್ತಾರೆ. ತಾಯಂದಿರು ಚೀಲದಲ್ಲಿ ಮಳೆಯಂಗಿ, ಒಣಗಿದ ಒಂದು ಜೊತೆ ಬಟ್ಟೆ, ಕುಡಿಯುವ ನೀರು ಇವನ್ನು ಇಟ್ಟು ಕಳುಹಿಸಲಿ. ತಂದೆಯಾದವರು ಕರೆದೊಯ್ಯುವವರನ್ನು ಎರಡು ಪ್ರಶ್ನೆಗಳನ್ನು ಕೇಳಲಿ: ಮಳೆ ಗಾಳಿ ಬಂದರೆ ಮಕ್ಕಳು ಸೇರಬೇಕಾದ ಸ್ಥಳ ಯಾವುದು? ಉತ್ಸವವನ್ನು ನಿಲ್ಲಿಸೆಂದು ಹೇಳುವ ಅಧಿಕಾರವು ಯಾರದು? ಈ ಎರಡಕ್ಕೂ ತಡವರಿಸದೆ ಉತ್ತರ ಹೇಳುವವರ ಸಂಗಡ ಮಕ್ಕಳನ್ನು ನಿಶ್ಚಿಂತೆಯಿಂದ ಕಳುಹಿಸಬಹುದು. ಅವರು ನೆನೆದು ಬರಲಿ, ಕೆಸರು ಮೆತ್ತಿಕೊಂಡು ಬರಲಿ, ಕಂಠ ಕಟ್ಟುವಷ್ಟು ಹಾಡಿ ಬರಲಿ. ಬಂದ ಮೇಲೆ ಬಿಸಿನೀರು ಕಾಯಿಸಿಕೊಟ್ಟರಾಯಿತು.